ಏರಿಗೆ ಹೊರಟ ಲಾರಿ

ಬುಗಾರಾಮಾ ಬೆಟ್ಟದ ಏರುದಾರಿಯ ಬುಡದ ನಲ್ಲಿಯಲ್ಲಿ ಮರಗೆಣಸು ತೊಳೆಯುತ್ತಿದ್ದೆ. ಪಕ್ಕದಲ್ಲಿ ಲಾರಿಗೆ ನೀರು ಹಾಕುತ್ತಿದ್ದ ಡ್ರೈವರ್ ಮಿಸಾಗೊ, ಬಾಳೆಗೊನೆ ಮಾರಿ ಖಾಲಿ ಸೈಕಲ್ಲಿನಲ್ಲಿ ಬೆಟ್ಟದ ಮೇಲಿನ ಊರಿಗೆ ಹೊರಟಿದ್ದ ಬುಕುರುವನ್ನು ತಡೆದ.

“ಇವತ್ತು ನನ್ನ ಲಾರಿ ಹಿಂದೆ ಸೈಕಲ್ಲಲ್ಲಿ ಜೋತುಬೀಳ್ಬೇಡ ಕಣೋ. ಗೇರು ಜಾರ್ತಿದೆ. ಏರಲ್ಲಿ ಲಾರಿ ಹಿಂದಕ್ಕೆ ಉರುಳುತ್ತೆ.”

“ಹೋದ ವಾರಾನೂ ಹಿಂಗೇ ಹೆದರಿಸಿದ್ದೆ. ನಾನೇನು ಸತ್ತೋದ್ನಾ?”

“ಹೋದ ವಾರ ಬ್ರೇಕಾದ್ರೂ ಇತ್ತು.”

“ಮತ್ತೆ ನೀನ್ಯಾಕಣ್ಣ ಹೊರಟೆ?”

“ನಾನು ಇಳಿದ್ರೆ ಮಾಲೀಕ ಇನ್ನೊಬ್ಬನ್ನ ಕೂರಿಸ್ತಾನೆ.”

“ಸೈಕಲ್ ತಳ್ಕೊಂಡು ಹತ್ತಿದ್ರೆ ನನಗೂ ಊರು ಸೇರೋಕೆ ನಾಳೆ ಬೆಳಗಾಗುತ್ತೆ. ನಡಿ. ಬೇರೆ ಡ್ರೈವರ್‌ಗಳು ಇಷ್ಟೂ ಹೇಳಲ್ಲ.”

ಲಾರಿ ಹೊರಟಿತು. ಬುಕುರು ಸೈಕಲ್ ಮೇಲೆ ಕೂತು ನಗುತ್ತಲೇ ಅದರ ಹಿಂದಿನ ಕೊಕ್ಕೆ ಹಿಡಿದ. ಮೇಲಿನ ತಿರುವಿನಲ್ಲಿ ಇನ್ನೂ ಮೂವರು ಸೈಕಲ್ಲಿನವರು ಅದೇ ಲಾರಿಗೆ ಕೈ ಚಾಚಿ ನಿಂತಿದ್ದರು. ಅವರಿಗೆ ಈ ಮಾತು ಯಾವುದೂ ಕೇಳಿಸಿರಲಿಲ್ಲ.