ಮೂವತ್ನಾಲ್ಕನೇ ನಂಬರಿನ ಹೆಲ್ಮೆಟ್

...ಅಲ್ಲ, ಸಹಿ ಹಾಕೋಕೆ ಕೊಟ್ಟ ಪೆನ್ನು ಕಣಯ್ಯ ಅದು, ಕಚ್ಚೋಕಲ್ಲ! ಏನು, ಓದ್ಬೇಕಾ? ಓದು. ನಾಲ್ಕೇ ಸಾಲು. ನಮ್ಮೂರ ಹೈಸ್ಕೂಲ್ ಮೈದಾನಕ್ಕಿಟ್ಟಿರೋ ಕೋಚ್ ನೊವಾಟ್ನಿ ಹೆಸರು ಕಿತ್ತು ಹಾಕ್ಬೇಕು ಅಂತ. ಸೋಮವಾರ ಸ್ಕೂಲ್ ಬೋರ್ಡ್ ಸಭೆ. ಇನ್ನೂರ ಹನ್ನೊಂದು ಸಹಿ ಬಿದ್ದಿದೆ. ನಿಂದೊಂದು ಬಿದ್ರೆ ತೂಕವೇ ಬೇರೆ, ಆರ್ಲನ್. ಇಪ್ಪತ್ತು ವರ್ಷ ಗ್ಯಾಲರಿ ಚಾವಣಿ ಮೇಲೆ ನಿಂತು ಒಂದೊಂದು ಆಟಾನೂ ಕ್ಯಾಮೆರಾದಲ್ಲಿ ಹಿಡಿದವನು ನೀನು.

ಸರಿ, ಮೊದಲು ತಿನ್ನು. ಮಾಂಸದ ಚಿಲ್ಲಿ ಸಾರು ಆರಿಹೋಗ್ತಿದೆ. ದಾಲ್ಚಿನ್ನಿ ರೋಲನ್ನ ಅದರಲ್ಲೇ ಅದ್ದು, ಸ್ಕೂಲಲ್ಲಿ ತಿಂತಿದ್ವಲ್ಲ ಹಾಗೆ. ಆಟಕ್ಕೆ ಇನ್ನೂ ಎರಡು ಗಂಟೆ ಇದೆ. ಜನ ನೋಡು ಜನಾನ! ಸ್ಟೇಡಿಯಂ ಪಾರ್ಕಿಂಗ್ ತುಂಬ ತಂಡದ ಕೆಂಪೇ ಕೆಂಪು. ಎಷ್ಟು ವರ್ಷದಿಂದ ಇದೇ ಜಾಗದಲ್ಲಿ ಗಾಡಿ ನಿಲ್ಲಿಸಿ, ಒಲೆ ಹಚ್ಚಿ, ಯೂನಿವರ್ಸಿಟಿ ಫುಟ್‌ಬಾಲ್ ತಂಡಕ್ಕೆ ಗಂಟಲು ಹರ್ಕೊಂಡಿದೀವಿ ನಾವು? ಆ ತಂಡದಲ್ಲಿ ನಮ್ಮೂರ ಹುಡುಗ ಒಬ್ಬ ಆಡಿದಾನಾ? ಒಬ್ಬ? ಆಡ್ಬೇಕಾಗಿದ್ದವನು ಒಬ್ಬನೇ. ಕರ್ಟ್ ವಾನೆಕ್.

ಯಾಕೆ ನಗ್ತೀಯ?... ಓ, ಕರು! ಹೌದಲ್ವಾ, ಕರು ಹೆಗಲ ಮೇಲೆ ಹೊತ್ಕೊಂಡು ಜೋಳದ ಹೊಲದಲ್ಲಿ ಓಡ್ತಿದ್ದ, ಕಾಲು ಗಟ್ಟಿಯಾಗ್ಲಿ ಅಂತ! ಅವರಮ್ಮ ಡೋರಿಸ್ ಪೊರಕೆ ಹಿಡ್ಕೊಂಡು ಹಿಂದೆ! ಅಯ್ಯೋ ದೇವರೇ... ಎಂಥ ಕಾಲು ಅವು. ಒಳ್ಳೆ ಆಟಕ್ಕೊಂದು ಸ್ಟಿಕರ್ ಅಂಟಿಸೋದಲ್ವಾ ಹೆಲ್ಮೆಟ್ ಮೇಲೆ? ಅವನದ್ರಲ್ಲಿ ಅಂಟಿಸೋಕೆ ಜಾಗ ಇರ್ಲಿಲ್ಲ. ಪ್ರತಿವಾರ ಅದನ್ನ ಒರೆಸಿ ಫಳಫಳ ಅನ್ನಿಸ್ತಿದ್ದವನು ನಾನು. ತಂಡದ ಸಾಮಾನು ಕಾಯೋ ಲಾಯ್ಡ್. ಸಂಬಳ ಇಲ್ಲ ಗಿಂಬಳ ಇಲ್ಲ, ಹಗಲೆಲ್ಲ ಧಾನ್ಯದ ಗೋದಾಮಲ್ಲಿ ಧೂಳು ಕುಡಿದು ಸಂಜೆ ಅಲ್ಲಿಗೆ ಓಡೋದು. ನಂಗೆ ಮಕ್ಕಳಿಲ್ಲ. ಆ ಹುಡುಗನೇ ಎಲ್ಲ ಆಗಿದ್ದ ಕಣೋ.

ಎಂಬತ್ತೇಳನೇ ಇಸವಿ ಸೆಮಿಫೈನಲ್. ಆ ಶನಿವಾರ ಮಧ್ಯಾಹ್ನ. ಮೂರನೇ ಭಾಗದಲ್ಲಿ ಅವನ ತಲೆಗೆ ಬಿತ್ತಲ್ಲ ಏಟು... ತಂಡದ ಮುದುಕ ಡಾಕ್ಟರ್ ಏನ್ಮಾಡಿದ? ಪದ್ಧತಿ ಪ್ರಕಾರ ಹೆಲ್ಮೆಟ್ ಕಿತ್ಕೊಂಡ. ಕೂತ್ಕೋ ಅಂದ್ರೆ ಕೂರ್ತಾರಾ ಆ ವಯಸ್ಸಿನವರು? ಕಣ್ಣು ತಪ್ಪಿಸಿ ಓಡ್ತಾರೆ. ಹೆಲ್ಮೆಟ್ ಇಲ್ದಿದ್ರೆ ರೆಫರಿ ಒಳಗೆ ಬಿಡಲ್ಲ. ನನ್ನ ಕೈಗೆ ಕೊಟ್ಟು, "ಲಾಯ್ಡ್, ಪೆಟ್ಟಿಗೇಲಿ ಹಾಕಿ ಅದರ ಮೇಲೆ ಕೂತ್ಕೋ, ದೇವರೇ ಬಂದು ಕೇಳಿದ್ರೂ ಕೊಡ್ಬೇಡ" ಅಂದ. ಕೂತೆ. ನಾಲ್ಕು ನಿಮಿಷ ಉಳಿದಿತ್ತು, ನಾಲ್ಕು ಪಾಯಿಂಟ್ ಹಿಂದೆ ಇದ್ವಿ. ಬಂದ್ರು ನೋಡು ಕೋಚ್! "ಎತ್ತು ಅಂಡು" ಅಂದ್ರು. "ಡಾಕ್ಟರು ಬೇಡ ಅಂದಿದಾರೆ" ಅಂದೆ. ನನ್ನ ತಳ್ಳಿ, ಪೆಟ್ಟಿಗೆ ತೆಗೆದು, ಹೆಲ್ಮೆಟ್ ಕಿತ್ಕೊಂಡು... ನಾನೇನ್ಮಾಡ್ಲಿ? ಹೇಳು. ಕೋಚ್ ಮುಂದೆ ಈ ಲಾಯ್ಡ್ ಯಾವ ಲೆಕ್ಕ?

ಬಾಲ್ ಹಿಡಿದು ಎರಡೇ ಸಲ ಓಡಿದ. ಬಾಲ್ ಗೆರೆ ದಾಟ್ತು, ನಾವು ಗೆದ್ವಿ. ಅವನು ಏಳಲಿಲ್ಲ.

ಈಗ ಐವತ್ತು ದಾಟಿದ. ಅಂಗಿ ಗುಂಡಿ ಹಾಕೋಕೂ ಅಮ್ಮ ಬೇಕು. ಪ್ರತಿ ಶನಿವಾರ ಡೋರಿಸ್ ಇಲ್ಲಿಗೆ ಕರ್ಕೊಂಡು ಬರ್ತಾರೆ, ಆ ಮೂವತ್ನಾಲ್ಕು ನಂಬರಿನ ಅಂಗಿ ತೊಡಿಸಿ. ನನ್ನ ನೋಡಿದ ತಕ್ಷಣ ಒಂದೇ ಮಾತು: "ಲಾಯ್ಡ್, ನನ್ನ ಹೆಲ್ಮೆಟ್ ಎಲ್ಲಿ?" "ಕೋಚ್ ಹತ್ರ ಇದೆ ಕಣಪ್ಪ" ಅಂತೀನಿ. ಮತ್ತೇನನ್ಲಿ?

ಆ ಕೋಚ್ ನೋಡಿದ್ರೆ ಎಂಬತ್ತೊಂಬತ್ತು ವರ್ಷ ಆದ್ರೂ ವೃದ್ಧಾಶ್ರಮದ ಜಗಲೀಲಿ ಕೂತು ಮಿಠಾಯಿ ಚೀಪ್ತಿದಾರೆ. ಸುಳ್ಳಲ್ಲ, ಅವರೇ ಅದಾದ್ಮೇಲೆ ಬೋರ್ಡ್ ಮುಂದೆ ನಿಂತು "ನಾನೇ ಕಳಿಸಿದ್ದು, ತಪ್ಪು ನಂದು" ಅಂತ ಒಪ್ಕೊಂಡವರು! ಅವರ ಬಾಯಲ್ಲೇ ಬಂದ ಮಾತು! ಆದ್ರೂ ಹತ್ತು ವರ್ಷದ ಹಿಂದೆ ಮೈದಾನಕ್ಕೆ ಅವರ ಹೆಸರಿಟ್ರು, ಊರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೀತು. ನನ್ನ ಹೊಟ್ಟೆ ಉರಿಯಲ್ವಾ? ಡೋರಿಸ್ ಹೊಟ್ಟೆ ಉರಿಯಲ್ವಾ?

ಹಾಕು ಸಹಿ.

ಯಾಕೆ, ಏನಾಯ್ತು? ಕೋಟೊಳಗೆ ಏನು ತಡಕಾಡ್ತಿದೀಯ?... ಟೇಪಾ? ಎಲ್ಲಿತ್ತೋ ಇದು! ನಿನ್ನದೇ ಅಕ್ಷರ... ನವೆಂಬರ್, ಎಂಬತ್ತೇಳು. ಹ್ಹ. ಇದ್ರಲ್ಲಿ ಏನಿರುತ್ತೆ? ಬಾಲ್ ಇರುತ್ತೆ. ನಿನ್ನ ಕ್ಯಾಮೆರಾ ಯಾವತ್ತೂ ಬಾಲ್ ಹಿಂದೇನೇ. ಆಟ ನಿಂತ್ರೆ ಅದೂ ನಿಲ್ತಿತ್ತು, ಟೇಪ್ ಉಳೀಲಿ ಅಂತ. ನಿಲ್ಲಿಸ್ತಿದ್ದೆ ಅಲ್ವಾ? ಆರ್ಲನ್, ನಿಲ್ಲಿಸ್ತಿದ್ದೆ ಅಲ್ವಾ?

...ಅವತ್ತು ನಿಲ್ಲಿಸ್ಲಿಲ್ವಾ?

ಹಾಗೆ ನೋಡ್ಬೇಡ. ಬೈಯಿ ಬೇಕಾದ್ರೆ! ಕಾಣ್ಸುತ್ತಾ ಅದರಲ್ಲಿ? ಕೋಚ್ ಕಾಣ್ತಾರಾ... ಅತ್ತ ಕಡೆ, ಬೆನ್ನು ಹಾಕಿ, ರೆಫರಿ ಜತೆ ಜಗಳ ಆಡ್ತಾ?... ಮತ್ತೆ ನಾನು?...

ಆಟಗಾರರನ್ನ ಆರಿಸೋ ಯೂನಿವರ್ಸಿಟಿಯವನು ಬಂದಿದ್ದ ಕಣೋ ಅವತ್ತು! ಕರ್ಟ್‌ನ ನೋಡೋಕೆ ಅಂತಲೇ. ಕೆಂಪು ಕೋಟು, ಮೂರನೇ ಸಾಲು. ಎದ್ದು ಹೊರಡ್ತಿದ್ದ. ಹುಡುಗ ನನ್ನ ಮುಂದೆ ಮಂಡಿಯೂರಿ, "ಕೊಡು, ಎರಡೇ ಸಲ ಓಡ್ತೀನಿ" ಅಂದ. ಕಣ್ಣು ಸರಿಯಾಗೇ ಇತ್ತು, ಮಾತು ಸರಿಯಾಗೇ... ಇಲ್ಲ. ಇರ್ಲಿಲ್ಲ. "ಕೊಡು ಅಪ್ಪಾ" ಅಂದ. ಅವರಪ್ಪ ಸತ್ತು ಆರು ವರ್ಷ ಆಗಿತ್ತು. ಏಟಿಗೆ ತಲೆ ಕೆಟ್ಟಿದೆ ಅಂತ ಗೊತ್ತಾಗ್ಬೇಕಿತ್ತು ನಂಗೆ. ಗೊತ್ತಾಯ್ತು. ಆದ್ರೂ ಎದ್ದೆ, ಕೊಟ್ಟೆ. ಗಲ್ಲದ ಪಟ್ಟೀನೂ ನಾನೇ ಬಿಗಿದೆ. ಇದೇ ಬೆರಳಲ್ಲಿ. ಈ ಸ್ಟೇಡಿಯಮ್ಮಲ್ಲಿ ಕೂತು, ಪಕ್ಕದವನ ಭುಜ ಕುಟ್ಟಿ, "ಅವನು ನಮ್ಮ ಹುಡುಗ" ಅನ್ನೋ ಆಸೆ ಕಣೋ. ಅಷ್ಟೇ ಆಸೆ.

ತಾಳು... ಭಾನುವಾರ ಬೆಳಿಗ್ಗೆ, ಚರ್ಚಿಗೆ ಮುಂಚೆ, ಟೇಪನ್ನ ನೀನು ಕೋಚ್ ಕೈಗೆ ಕೊಡ್ತಿದ್ದೆ. ಪ್ರತಿ ವಾರ. ಅವರು... ನೋಡಿದ್ರಾ? ಬಾಯಿ ಬಿಡೋ! ನೋಡಿದ್ರಾ?

ನೋಡಿ... ನೋಡಿಯೂ ಬೋರ್ಡ್ ಮುಂದೆ "ನಾನೇ ಕಳಿಸಿದ್ದು" ಅಂದ್ರಾ?

ಆ ವಾರ ನನ್ನ ಬೆನ್ನು ತಟ್ಟಿದ್ರು ಕಣೋ. "ಹೆಲ್ಮೆಟ್ ಎಲ್ಲಾ ಒರೆಸಿಟ್ಯಾ ಲಾಯ್ಡ್?" ಅಂದ್ರು. ಎಂಥ ಕಲ್ಲು ಮನಸ್ಸಿನ ಮನುಷ್ಯ ಅಂತ ಆ ಕೈನ ಇಷ್ಟು ವರ್ಷ ದ್ವೇಷಿಸಿದೀನಿ. ನಾನು ಬಿಡದೆ ಹೇಳಿ ಹೇಳಿ, ಈಗ ನಂಗೇ ಕಾಣ್ಸುತ್ತೆ ಅವರು ಪೆಟ್ಟಿಗೆ ತೆಗ್ಯೋದು.

ಆ ಕಾಗದ ಇತ್ತ ಕೊಡು. ಕೊಡೋ... ಅಯ್ಯೋ, ಡೋರಿಸ್ ಬರ್ತಿದಾರೆ. ಅವನೂ. ಟೇಪ್ ಒಳಗಿಡು, ಬೇಗ! ಆಮೇಲೆ ಮಾತಾಡೋಣ, ಮನೇಲಿ, ನಾವಿಬ್ಬರೇ... ಯಾಕೆ ಒಳಗಿಡ್ತಿಲ್ಲ? ಆರ್ಲನ್?

...ಬಾ ಕರ್ಟ್. ಬನ್ನಿ ಡೋರಿಸಮ್ಮ, ಇಲ್ಲಿ ಕೂತ್ಕೊಳ್ಳಿ. ಚಿಲ್ಲಿ ಇದೆ.

ಏನಪ್ಪ?... ಹೆಲ್ಮೆಟ್ಟಾ?

ಕೋಚ್ ಹತ್ರ ಇಲ್ಲ ಕಣಪ್ಪ. ಅವರು ಅದನ್ನ ಮುಟ್ಟೇ ಇಲ್ಲ. ನಾನೇ ನಿನಗೆ ಕೊಟ್ಟೆ.