ಪ್ಲೇಟಿನೊಳಗಿನ ಬಳೆ ಸದ್ದು

ದೀಪ ಸ್ವಲ್ಪ ಸಣ್ಣ ಮಾಡಿ. ಮೆಲ್ಲಗೆ ಹೇಳುತ್ತೇನೆ, ವಿನೋದಕ್ಕ ಒಳಗೆ ಮಲಗಿದ್ದಾಳೆ. ಇದು ಅವಳದೇ ಕತೆ. ನನ್ನ ದೊಡ್ಡಪ್ಪನ ಮಗಳ ಕತೆ, ಯಾರೋ ದಾರಿಹೋಕರದ್ದಲ್ಲ. ನಾನು ಪಕ್ಕದಲ್ಲೇ ಇದ್ದೆ.

ಅರವತ್ತೊಂದನೇ ಇಸವಿ. ವಿನೋದಕ್ಕನ ಹಾಡುಗಳ ರೆಕಾರ್ಡಿಂಗ್ ಮುಗಿಸಿ ನಾವಿಬ್ಬರೂ ಕೊನೇ ಬಸ್ಸಿನಲ್ಲಿ ಮದರಾಸಿನ ರಾಯಪುರಂಗೆ ಬಂದಿಳಿದೆವು. ದೊಡ್ಡಪ್ಪನ ಹೋಟೆಲಿನ ಹಿಂದೆಯೇ ಮನೆ. ಅಲ್ಲಿಗೆ ಹೋಗಬೇಕಾದರೆ ಆಲದ ಮರದ ಕೆಳಗಿನ ಬಾವಿ ದಾಟಲೇಬೇಕು. ವಿನೋದಕ್ಕನ ಕೈ ಎರಡೂ ಬೋಳು. ಬಳೆಗಳನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಚೀಲದಲ್ಲಿ ಇಟ್ಟುಕೊಂಡಿದ್ದೆ. "ವಳಯಲ್ ಕಳಟ್ಟುಂಗಮ್ಮಾ," ಅಂತ ತಮಿಳಿನಲ್ಲಿ ಹೇಳಿ ಸ್ಟುಡಿಯೋದವರು ಹಾಡಿಗೆ ಮೊದಲೇ ಬಳೆ ತೆಗೆಸಿದ್ದರು. ಮೈಕು ಸಣ್ಣ ಸದ್ದನ್ನೂ ಬಿಡುವುದಿಲ್ಲ ನೋಡಿ.

ಬಾವಿ ಹತ್ತಿರ ಬಂದೆವು... ಝಲ್.

ನಿಂತೆವು.

ಝಲ್... ಆಮೇಲೆ ಸಣ್ಣಗೆ ಕಿಣಿ, ಕಿಣಿ, ಕಿಣಿ. ಗಾಜಿನ ಬಳೆ. ತೊಡೆಗೆ ಕೈ ಬಡಿದು, ಬೆರಳೆಣಿಸಿ ತಾಳ ಹಾಕುವಾಗ ಬರುತ್ತದಲ್ಲ, ಅದೇ ಸದ್ದು.

"ವಿನೋದಕ್ಕಾ, ಕೇಳಿತಾ?"

"ಇಲ್ಲ. ನಡಿ."

"ಸರಸಕ್ಕನ..."

"ಬಾಯಿ ಮುಚ್ಚು, ಸುಮತಿ!"

ಅವಳ ಉಗುರು ನನ್ನ ಮಣಿಕಟ್ಟಿಗೆ ಇಳಿದಿತ್ತು. ಕೇಳಿಸದವರು ಹಾಗೆ ಹಿಡಿಯುತ್ತಾರಾ?

ಸರಸಕ್ಕ ಅಂದರೆ ಅವಳ ಒಡಹುಟ್ಟಿದ ಅಕ್ಕ. ತೀರಿಹೋಗಿ ಎರಡು ತಿಂಗಳಾಗಿರಲಿಲ್ಲ. ಗ್ರಾಮಫೋನ್ ಕಂಪೆನಿಯವರು ಭಜನೆಯಲ್ಲಿ ಕೇಳಿ ಮೆಚ್ಚಿ, ದೇವರ ಎಂಟು ಹಾಡುಗಳ ದೊಡ್ಡ ಪ್ಲೇಟು ಮಾಡಲು ಕರೆದದ್ದು ಸರಸಕ್ಕನನ್ನು. ಅವತ್ತಿನಿಂದ ವಿನೋದಕ್ಕನಿಗೆ ಹೊಟ್ಟೆಯುರಿ. ಅಕ್ಕ ಬಡಿಸಿದ ಅನ್ನ ಮುಟ್ಟುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ? ಅಷ್ಟರಲ್ಲಿ ಸರಸಕ್ಕನಿಗೆ ಜ್ವರ ಬಂತು, ವಾರದಲ್ಲಿ ಹೋಗಿಬಿಟ್ಟಳು. ಕಂಪೆನಿಯವರು ತಂಗಿಯನ್ನು ಕೇಳಿದರು. ಅಕ್ಕನ ಕ್ರಿಯೆ ಮುಗಿಯುವ ಮೊದಲೇ ಇವಳು ಹೂಂ ಅಂದಳು.

ಆ ಬಾವಿಕಟ್ಟೆಯ ಮೇಲೆಯೇ ಇಬ್ಬರೂ ಕೂತು ಹಾಡುತ್ತಿದ್ದದ್ದು. ವಿನೋದಕ್ಕನ ಗಂಟಲು ಚೆಂದವೇ. ಆದರೆ ತಾಳ ಬಿಟ್ಟು ಮುಂದೆ ಓಡುತ್ತಿದ್ದಳು. ಸರಸಕ್ಕ ಬೈಯುತ್ತಿರಲಿಲ್ಲ. ತೊಡೆಗೆ ಸ್ವಲ್ಪ ಜೋರಾಗಿ ಬಡಿದು ಬಳೆ ಸದ್ದು ಮಾಡುತ್ತಿದ್ದಳು. ಇವಳು ಹದಕ್ಕೆ ಬರುತ್ತಿದ್ದಳು. ನಾಲ್ಕು ಜನರೆದುರು ಆ ಸದ್ದು ಕೇಳಿದರೆ ವಿನೋದಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು.

ಪ್ಲೇಟು ಬಂತು. ದೊಡ್ಡಪ್ಪ ಹೋಟೆಲಿನ ರೇಡಿಯೋಗ್ರಾಂನಲ್ಲಿ ಹಾಕಿದರು. ಸೂಜಿ ಕೂತಿತು, ಕರಕರ ಅಂದಿತು. ಹಾಡಿಗೆ ಮೊದಲು... ಝಲ್. ಎಂಟು ಹಾಡಿನಲ್ಲೂ, ಇವಳು ಓಡಲು ಹೊರಟಲ್ಲೆಲ್ಲ, ಝಲ್!

ಬಳೆ ನನ್ನ ಚೀಲದಲ್ಲಿತ್ತು ಮಾರಾಯ್ರೇ!

ಬಂದರಿನ ಗುಮಾಸ್ತರು ಕಾಫಿ ಲೋಟ ಕೈಯಲ್ಲಿ ಹಿಡಿದು ಹಾಗೇ ಕೂತುಬಿಟ್ಟರು. ದಿನಾ ಅದೇ ಬೇಕು, "ಆ ಬಳೆ ಪ್ಲೇಟು ಹಾಕಿ." ಪತ್ರಿಕೆಯಲ್ಲೂ ಬಂತು. ಕಂಠ ಪರವಾಗಿಲ್ಲ, ಆದರೆ ಆತ್ಮಕ್ಕೆ ತಾಗುವುದು ಆ ಬಳೆಯ ನಾದ, ಇಂಥ ಉಪಾಯ ಹೊಳೆದವರಿಗೆ ನಮಸ್ಕಾರ ಅಂತ ಬರೆದಿದ್ದರು. ವಿನೋದಕ್ಕ ಅದನ್ನು ಒಲೆಗೆ ತುರುಕಿದಳು.

"ಹಾಡಿದ್ದು ನಾನು. ಹೊಗಳಿಕೆ ಸತ್ತವಳ ಕೈಗಾ?"

ಅದೇ ರಾತ್ರಿ ಬಾವಿಗೆ ಹೋದಳು. ಹಾರುತ್ತಾಳೋ ಅಂತ ಹೆದರಿ ನಾನು ಹಿಂದೆಯೇ ಓಡಿದೆ. ಕತ್ತಲಲ್ಲಿ ಝಲ್... ಕಿಣಿ, ಕಿಣಿ, ಕಿಣಿ. ಇವಳು ಕಟ್ಟೆ ಹಿಡಿದು ಬಾಗಿ ಕಿರಿಚಿದಳು.

"ನನ್ನ ಪ್ಲೇಟು ಬಿಡು! ಬಳೆ ಸದ್ದು ತಕ್ಕೊಂಡು ಹೋಗು. ನಂಗೆ ಬೇಡ. ಇನ್ನು ಯಾವತ್ತೂ ಬೇಡ!"

ಸದ್ದು ನಿಂತಿತು. ಆಲದ ಒಂದೆಲೆಯೂ ಅಲ್ಲಾಡಲಿಲ್ಲ. ಬಾವಿಯೊಳಗಿಂದ ಸರಸಕ್ಕನ ದನಿ, ಬೇಸರವಿಲ್ಲ, ಸಿಟ್ಟಿಲ್ಲ... ದೇವರಾಣೆ, ಈ ಕಿವಿಯಿಂದಲೇ ಕೇಳಿದ್ದೇನೆ...

"ಆಯ್ತು, ತಂಗಿ."

ಮರುದಿನ ಹಾಕಿದರೆ ಪ್ಲೇಟಿನಲ್ಲಿ ಬಳೆ ಇಲ್ಲ. ಅಂಗಡಿಯಿಂದ ಹೊಸತು ತಂದರೆ ಅದರಲ್ಲೂ ಇಲ್ಲ. ವಿನೋದಕ್ಕನ ದನಿ ಒಂದೇ, ತಾಳ ತಪ್ಪಿ ಓಡುತ್ತಿತ್ತು. ಗಿರಾಕಿಗಳು, "ಇದು ಯಾರದ್ದು? ತೆಗೀರಿ," ಅಂದರು. ಕಂಪೆನಿಯವರು ಮತ್ತೆ ಕರೆಯಲಿಲ್ಲ. ಅವಳು ಕೇಳಿದ್ದು ಸಿಕ್ಕಿತು, ಪ್ಲೇಟು ಪೂರಾ ಅವಳದೇ ಆಯಿತು. ಪಾಪ, ಆಮೇಲೆ ಅವಳು ಬಾಯಿಬಿಟ್ಟು ಒಂದು ಸಾಲು ಹಾಡಿದ್ದನ್ನು ನಾನು ಕಾಣೆ.

ನಗಬೇಡಿ. ಪ್ಲೇಟು ಸವೆದಿತ್ತು ಅನ್ನುತ್ತೀರಾ? ಅನ್ನಿ. ನಾಳೆ ಸಂಜೆ ವಿನೋದಕ್ಕ ದೋಸೆಗೆ ಅರೆಯಲು ಕೂರುತ್ತಾಳೆ. ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ಉಂಟು, ನೀವೇ ನೋಡಿದ್ದೀರಿ. ಕೈ ತಿರುಗುವಾಗ ಒಂದಕ್ಕೊಂದು ತಾಗುವುದೂ ಕಾಣುತ್ತದೆ. ಹತ್ತಿರ ಹೋಗಿ ಕಿವಿಗೊಟ್ಟು ಕೇಳಿ.

ಕಲ್ಲಿನ ಗರಗರ ಮಾತ್ರ ಕೇಳುತ್ತದೆ.