ಕರವಸ್ತ್ರದ ಹಿಂದೆ ನಿಂತವನು

ಅಲ್ಲಾಡಬೇಡ ಅಂದೆನಲ್ಲ! ಕ್ಷೌರದ ಕತ್ತಿ ಕೆನ್ನೆ ಮೇಲಿದೆ, ನಾರ್ಸಿಸ್. ಯಾಕೆ ನಗ್ತೀಯ? ನಗೋ ವಿಷಯಾನಾ ಇದು? ತಡಿ, ನೀನೇ ತಂದಿರೋ ಪುಸ್ತಿಕೆ, ಫೋಟೋ ಕೆಳಗಿನ ಸಾಲು ಇನ್ನೊಂದ್ ಸಲ ಓದ್ತೀನಿ ಕೇಳು. "ಎಡದಿಂದ ಮೂರನೆಯವರು, ಕೈಗೆ ಪೆಟ್ಟಾಗಿ ಬಟ್ಟೆ ಸುತ್ತಿಕೊಂಡಿರುವ ಕಾರ್ನೆಟ್ ವಾದಕ." ಪೆಟ್ಟು! ನಿಮ್ಮಪ್ಪನ ಕೈಗೆ ಪೆಟ್ಟಂತೆ! ಇವರ ಬುದ್ಧಿಗಿಷ್ಟು ಬೆಂಕಿ ಹಾಕ! ನಮ್ಮೂರವರ ಹಳೇ ರೆಕಾರ್ಡುಗಳನ್ನ ಮತ್ತೆ ಅಚ್ಚು ಹಾಕ್ತಾರಂತೆ, ಜೊತೆಗೆ ಪುಸ್ತಿಕೆ ಬೇರೆ. ಕರವಸ್ತ್ರ ಯಾವುದು, ಗಾಯದ ಪಟ್ಟಿ ಯಾವುದು ಗೊತ್ತಿಲ್ಲ! ಈ ನ್ಯೂ ಆರ್ಲಿಯನ್ಸಲ್ಲಿ ಬೀದಿ ಮೂಲೆ ಮುದುಕೀನ ಕೇಳಿದ್ರೂ ಹೇಳ್ತಿದ್ಲು. ನಿಮ್ಮಪ್ಪ ಎವರಿಸ್ಟ್ ಬಾರ್ತೆ ಆ ಕಾರ್ನೆಟ್ ತುತ್ತೂರಿ ಎತ್ತಿದ ಅಂದ್ರೆ ಬೆರಳ ಮೇಲೆ ಕರವಸ್ತ್ರ ಬಿತ್ತು ಅಂತಲೇ ಲೆಕ್ಕ. ಎದುರಿಗೆ ನಿಂತ ಕಳ್ಳನನ್ಮಕ್ಕಳು, ಯಾವ ಗುಂಡಿ ಯಾವಾಗ ಒತ್ತಿದ ಅಂತ ನೋಡ್ಕೊಂಡು ಹೋಗಿ ತಮ್ಮದು ಅಂತ ಊದಬಾರದಲ್ಲ, ಅದಕ್ಕೆ!

ಇನ್ನು ಇದು... ಇದನ್ನ ಹೇಗೋ ಸಹಿಸ್ಲಿ? ನಿಮ್ಮಪ್ಪನ ಬೆನ್ನ ಹಿಂದೆ, ಬಲಗಡೆ ಭುಜದ ಹತ್ತಿರ, ಹ್ಯಾಟು ಹಿಡ್ಕೊಂಡು ನಿಂತಿದಾನಲ್ಲ. "ಗುರುತು ಸಿಗದ ವ್ಯಕ್ತಿ." ಗುರುತು ಸಿಗದ! ನಾನು ಕಣೋ ಅದು! ಥಿಯೋ! ಮೂವತ್ತೊಂದು ವರ್ಷದಿಂದ ಈ ಫೋಟೋ ನನ್ನ ಕನ್ನಡಿ ಪಕ್ಕಾನೇ ನೇತಾಡ್ತಿದೆ. ಹತ್ತೊಂಬತ್ತನೇ ಇಸವಿ, ಸರೋವರದ ದಂಡೆ, ಭಾನುವಾರದ ಪಿಕ್ನಿಕ್ಕು. ಒಂದು ಮಾತು ಬಂದು ಕೇಳಿದ್ರೆ ಹೇಳ್ತಿರ್ಲಿಲ್ವಾ? ಬೆನ್ನ ಹಿಂದೆ ನಿಲ್ಲೋಕೆ ನಿಮ್ಮಪ್ಪ ಯಾರನ್ನೂ ಬಿಡ್ತಿರ್ಲಿಲ್ಲ. ಟ್ರಾಂಬೋನಿನವನನ್ನೂ ಬಿಡ್ತಿರ್ಲಿಲ್ಲ! ನನ್ನೊಬ್ಬನನ್ನ ಬಿಟ್ಟಿದ್ದ. ಹ್ಯಾಟನ್ನ ನನ್ನ ಕೈಗೇ ಕೊಡ್ತಿದ್ದ. "ಥಿಯೋ, ಹಿಡ್ಕೋ" ಅನ್ನೋನು, ಅಷ್ಟೇ. ಆ ಎರಡು ಮಾತಿಗೆ ನಾನು ವಾರವಿಡೀ ಕಾಯ್ತಿದ್ದೆ ಕಣೋ.

ಗದ್ದ ಎತ್ತು. ಹಾಂ, ಹಾಗೆ.

ರೆಕಾರ್ಡು ಕೇಳಿ ತೀರ್ಪು ಕೊಡೋ ಪಂಡಿತರು! ಆಗ ರೆಕಾರ್ಡು ಮಾಡ್ತಿದ್ದದ್ದು ಹೇಗೆ ಗೊತ್ತಾ ಇವರಿಗೆ? ಡ್ರಮ್ಮು ಜೋರಾಗಿ ಹೊಡೆದ್ರೆ ಸೂಜಿ ಎಗರುತ್ತೆ ಅಂತ ಡ್ರಮ್ಮಿನವನನ್ನ ಬಾಗಿಲ ಹತ್ತಿರ ಕೂರಿಸೋರು. ಈಗ ಬರೀತಾರೆ, "ಡ್ರಮ್ಮಿನವರು ಬಹಳ ಮೃದುವಾಗಿ ನುಡಿಸಿದ್ದಾರೆ." ಮೃದುವಂತೆ, ಅವನ ತಲೆ! ಕ್ಲಾರಿನೆಟ್ ಊದಿರೋ ಜೆನೋನ ಬೇರೆ "ಮಹಾನ್ ಪ್ರತಿಭೆ" ಅಂದಿದಾರೆ. ಅವನು ಊದಿದ್ರೆ ಕಾಲು ಸಿಕ್ಕಾಕ್ಕೊಂಡ ಮೇಕೆ ಕೂಗಿದ ಹಾಗಿರೋದು. ದೇವರಾಣೆ! ಸತ್ತೋನ ಬಗ್ಗೆ ಆಡಬಾರದು, ಆದ್ರೂ ಮೇಕೆಯೇ.

ಆದ್ರೆ ಹೊಟ್ಟೆ ಉರಿಯೋದು ಅದಕ್ಕಲ್ಲ. ಆರನೇ ಹಾಡು ನೋಡು. "ಟಾಲಿವರ್ ಸ್ಟಾಂಪ್. ರಚನೆ: ಸೈರಸ್ ಟಾಲಿವರ್, ಶಿಕಾಗೋ." ಥೂ! ಅದು "ಕ್ಲೋತಿಲ್ಡ್, ಬಾಗಿಲು ತೆಗಿ" ಕಣಯ್ಯಾ! ನಿಮ್ಮಮ್ಮನ ಹಾಡು! ನಿಮ್ಮಪ್ಪ ಇಸ್ಪೀಟಾಡಿ ಊಟದ ಹೊತ್ತು ಮೀರಿಸಿ ಬಂದ, ನಿಮ್ಮಮ್ಮ ಚಿಲಕ ಹಾಕ್ಕೊಂಡು ಕೂತ್ಲು. ಇವನು ಮೆಟ್ಟಿಲ ಮೇಲೆ ಕೂತು ಊದಿದ, ಊದಿದ... ಬೀದಿಯೆಲ್ಲಾ ಸೇರ್ತು. ಕೊನೆಗೆ ಗಂಬೋ ಸಾರಿನ ಸೌಟು ಕೈಯಲ್ಲೇ ಹಿಡ್ಕೊಂಡು ಬಾಗಿಲು ತೆಗೆದ್ಲು ಮಹಾತಾಯಿ! ಅತ್ತುಬಿಟ್ಟಿದ್ಲು. ಯಾವ ಜಾಗಕ್ಕೆ ಅಂತ ಗೊತ್ತಾ? ಎರಡನೇ ಸುತ್ತಲ್ಲಿ ಒಂದು ಸ್ವರ ಬರುತ್ತೆ. ಊರಲ್ಲಿ ಎಲ್ಲರೂ ಅದನ್ನ ಮೊದಲೆರಡು ಬೆರಳು ಒತ್ತಿ ಊದೋರು. ನಿಮ್ಮಪ್ಪ ಆ ಎರಡೂ ಬಿಟ್ಟು ಮೂರನೇ ಬೆರಳೊಂದನ್ನೇ ಒತ್ತೋನು. ಸ್ವರ ಕೂದಲೆಳೆಯಷ್ಟು ಕೆಳಗೆ ಜಾರೋದು, ಗಂಟಲು ಕಟ್ಟಿದ ಹಾಗೆ. ಕೇಳಿದ್ರೆ ಯಾರಿಗೂ ತಿಳಿಯೋದಲ್ಲ ಅದು. ಎಷ್ಟು ಜನ ಮನೇಲಿ ಊದಿ ಊದಿ ಸೋತ್ರು. ಕಣ್ಣಲ್ಲಿ ನೋಡಿದ್ರೆ ಮಾತ್ರ ಸಿಗ್ತಿತ್ತು.

ಆ ಟಾಲಿವರನ ರೆಕಾರ್ಡಲ್ಲಿ ಅದೇ ಸ್ವರ! ಅದೇ ಜಾರು! ಇಪ್ಪತ್ಮೂರನೇ ಇಸವಿ. ಮಾರನೇ ವರ್ಷ ನಮ್ಮ ಸಂಘದ ಹಾಲ್‌ನಲ್ಲಿ ನಿಮ್ಮಪ್ಪ ಕ್ಲೋತಿಲ್ಡ್ ಹಾಡು ಎತ್ತಿಕೊಂಡ. ಹಿಂದಿನಿಂದ ಯಾವನೋ ಕೂಗಿದ, "ಏಯ್ ಬಾರ್ತೆ, ಗ್ರಾಮಫೋನ್ ಕೇಳಿ ಕಾಪಿ ಹೊಡೀತೀಯಾ!" ಸೇರಿದ್ದ ಜನವೆಲ್ಲಾ ನಕ್ತು. ತನ್ನ ಹಾಡನ್ನ ತಾನೇ ಕದ್ದ ಅಂತ! ಅರ್ಧಕ್ಕೇ ನಿಲ್ಲಿಸ್ದ. ಕಾರ್ನೆಟ್ ಪೆಟ್ಟಿಗೆಗೆ ಹಾಕ್ದ. ಆಮೇಲೆ ಸಾಯೋವರೆಗೂ ಹಡಗುಕಟ್ಟೇಲಿ ಬಾಳೆಗೊನೆ ಹೊತ್ತ, ತುಟಿಗೆ ಕಾರ್ನೆಟ್ ತಾಗಿಸ್ಲಿಲ್ಲ. ನೆನೆಸ್ಕೊಂಡ್ರೆ ಇವತ್ತಿಗೂ ಮೈ ಉರಿಯುತ್ತೆ!

ರೆಕಾರ್ಡಿನವರಿಗೆ ಕಳಿಸೋಕೆ ನೀನು ಬರ್ಕೊಂಡು ಬಂದಿರೋ ಕಾಗದಕ್ಕೆ ಸಾಕ್ಷಿಯಾಗಿ ರುಜು ಹಾಕ್ತೀನಿ, ಬೇಡ ಅಂದ್ನಾ? ರೆಕಾರ್ಡಿನ ಮೇಲೆ ನಿಮ್ಮಪ್ಪನ ಹೆಸರು ಬರ್ಲೇಬೇಕು. ಆ ಹಾಡು ಎವರಿಸ್ಟಂದು, ಕಿವಿಯಾರೆ ಕೇಳಿದವನು ನಾನು. ಆದ್ರೆ ಅದೊಂದು ಸಾಲು ಇದೆಯಲ್ಲ... "ಟಾಲಿವರನಿಗೆ ಈ ಹಾಡು ಹೇಗೆ ಸಿಕ್ಕಿತು" ಅಂತ ಖಾಲಿ ಬಿಟ್ಟಿದೀಯಲ್ಲ... ಅದನ್ನ ತೆಗೆದುಹಾಕು. ಯಾಕಂದ್ರೆ? ಹೇಗೋ ಸಿಕ್ತು! ಗುಂಪಲ್ಲಿ ನಿಂತು ನೋಡಿರ್ತಾನೆ ಸೂಳೆಮಗ!

...ಏನು ಹಾಗೆ ಹುಬ್ಬು ಏರಿಸ್ತೀಯ ಕನ್ನಡಿಯಲ್ಲಿ? ಹೌದು, ಕರವಸ್ತ್ರ ಇತ್ತು. ಗುಂಪಿಂದ ಕಾಣ್ತಿರ್ಲಿಲ್ಲ, ನಾನೇ ಹೇಳ್ದೆ. ಪಕ್ಕದಿಂದ್ಲೂ ಕಾಣ್ತಿರ್ಲಿಲ್ಲ. ಹಿಂದಿನಿಂದ... ಫೋಟೋನ ಯಾಕೋ ಹಾಗೆ ನೋಡ್ತೀಯ? ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಳಲಿ?

ಆಯ್ತು. ತಗೋ, ನೊರೆ ಒರೆಸಿದೆ. ಕತ್ತಿ ಕೆಳಗಿಟ್ಟೆ. ಈಗ ಬಾಯಿದೆಯಲ್ಲ ನಿಂಗೆ, ಮಾತಾಡು! ಎಲ್ಲಿ ನೋಡ್ತಿದೀಯ? ನಿನ್ನ ಭುಜಾನಾ? ಏನಿದೆ ಅಲ್ಲಿ, ನನ್ನ ಕೈ ತಾನೇ...

ಓ.

ಎಷ್ಟು ಹೊತ್ತಿಂದ ಕುಟ್ತಿದೀನಿ? ಅಭ್ಯಾಸ ಕಣೋ ಅದು. ಎಲ್ಲಾ ಗಿರಾಕಿಗಳ ಭುಜದ ಮೇಲೂ ಬೆರಳು ಆಡುತ್ತೆ, ಸುಮ್ನೆ, ನನಗೇ ಗೊತ್ತಾಗಲ್ಲ... ಮೂರನೇ ಬೆರಳು. ಹೌದು, ಮೂರನೇದು ಒಂದೇ. ನೀನೂ ಊದೋನು, ನಿನಗೆ ಗೊತ್ತಾಗದೆ ಇರುತ್ತಾ?

ಜೇಬಿಂದ ಏನು ತೆಗೀತಿದೀಯ? ಬೇಡ, ನಾರ್ಸಿಸ್. ಅದು ಅವನದ್ದು... ನೀಲಿ ಅಂಚು, ನಿಮ್ಮಮ್ಮ ಹೊಲಿದದ್ದು. ನನ್ನ ಕೈ ಮೇಲೆ ಹಾಕಬೇಡ. ಹಾಕಬೇಡ ಅಂದೆ!

ಹಾಕೇಬಿಟ್ಯಲ್ಲೋ. ಬೈಯೋ!

ಟಾಲಿವರ್ ಇದೇ ಕುರ್ಚಿಯಲ್ಲಿ ಕೂತಿದ್ದ. ಇಪ್ಪತ್ತೆರಡರಲ್ಲಿ, ಅವರಮ್ಮನ್ನ ನೋಡೋಕೆ ಊರಿಗೆ ಬಂದಿದ್ದ. ನನ್ನ ನೋಡಿ ನಕ್ಕ, "ನೀನು ಬಾರ್ತೆಯ ಹ್ಯಾಟಿನ ಗೂಟ ಅಲ್ವೇನೋ?" ಅಂದ. ಗೂಟ! ನನಗೆ ಸಂಗೀತ ಅಂದ್ರೆ ಪ್ರಾಣ, ಊದೋಕೆ ತುಟಿ ಬಗ್ಗಲಿಲ್ಲ, ಏನು ಮಾಡ್ಲಿ? ಸಿಟ್ಟು ನೆತ್ತಿಗೇರ್ತು. "ಕರವಸ್ತ್ರದ ಕೆಳಗೆ ಏನಿದೆ ಅಂತ ನನಗೆ ಗೊತ್ತು, ನಿನಗೆ ಗೊತ್ತೇನೋ?" ಅಂದೆ. ಅವನ ಭುಜದ ಮೇಲೆ ಕುಟ್ಟಿ ತೋರಿಸ್ದೆ. ಒಂದೇ ಒಂದ್ ಸಲ.

ಎರಡು ಸಲ. ಮೊದಲನೇ ಸಲಕ್ಕೆ ಅವನಿಗೆ ಹತ್ತಲಿಲ್ಲ.

ನಿಮ್ಮಪ್ಪ ಊದೋದು ಬಿಟ್ಟ ಮೇಲೂ ಶನಿವಾರ ಶನಿವಾರ ಬರ್ತಿದ್ದ. ಇಲ್ಲೇ ಕೂತು ಕಣ್ಣು ಮುಚ್ಚಿ ಕತ್ತು ಒಡ್ತಿದ್ದ. ಒಂದು ಮಾತು ಕೇಳ್ಲಿಲ್ಲ. ಹ್ಯಾಟು ಮಾತ್ರ ನನ್ನ ಕೈಗೆ ಕೊಡ್ಲಿಲ್ಲ, ಆ ಮೊಳೆಗೆ ತಾನೇ ನೇತು ಹಾಕ್ತಿದ್ದ. ಸಾಯೋವರೆಗೂ, ಏಳು ವರ್ಷ, ಕಣೋ. ಏಳು ವರ್ಷ ಆ ಮೊಳೆ ನೋಡ್ಕೊಂಡು ಅವನಿಗೆ ಕ್ಷೌರ ಮಾಡಿದೀನಿ.

ಕಾಗದ ತೆಗಿ. ನೀನೇ ಬರಿ, ನಾನು ರುಜು ಹಾಕ್ತೀನಿ. ಖಾಲಿ ಸಾಲಲ್ಲಿ ಬರಿ: ತೋರಿಸಿಕೊಟ್ಟವನು ಥಿಯೋಜೀನ್ ದುವೆರ್ನೆ, ಕ್ಷೌರಿಕ. ಬರೆದ್ಯಾ? ಇನ್ನೊಂದು. ಗುರುತು ಸಿಗದ ವ್ಯಕ್ತಿ ಅನ್ನೋದನ್ನ ಹೊಡೆದುಹಾಕೋಕೆ ಹೇಳು ಅವರಿಗೆ. ಫೋಟೋದಲ್ಲಿ ಬಾರ್ತೆಯ ಹಿಂದೆ ನಿಂತಿರೋನು ಅವನೇ ಅಂತ ಬರಿ.